ಕೆಟ್ಟ ಡಿಸ್ಕಿನೊಳಗಿನ ಮೂರು ಅಮಾವಾಸ್ಯೆ

ಆಫ್ರೀನ್‌ಗೆ ಇನ್ನೂ ಎರಡು ಸಾವಿರದ ನಾನೂರು ರೂಪಾಯಿ ಬರಬೇಕು. ಕೊಡಬೇಕಾದವರು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ದುಡಿದ ಐವತ್ತೊಂದು ಹೆಂಗಸರು. ಅವರು ಕೊಡಬೇಕೆಂದರೆ ಅವರಿಗೆ ನಾಲ್ಕು ವಾರದ ಬಟವಾಡೆ ಬರಬೇಕು. ಅದನ್ನು ಕೊಡಬೇಕಾದ ಗಿರಣಿ ಸಾಹುಕಾರ ಮೊನ್ನೆ ಹೊಸ ಕಾರು ತಗೊಂಡು ಅದರ ಮುಂದೆ ಕುಂಬಳಕಾಯಿ ಒಡೆಸಿದ್ದಾನೆ. ಹೀಗಾಗಿ ನಿನ್ನ ದುಡ್ಡು ಎಲ್ಲಿದೆಯಮ್ಮ ಎಂದು ಯಾರಾದರೂ ಕೇಳಿದರೆ ಆಫ್ರೀನ್ ನಗುತ್ತಾಳೆ. "ಆ ಕಾರಿನ ಟೈರಿನಾಗ ಐತ್ರಿ, ಗಾಳಿ ಜೋಡಿ."

ಅವಳ ಅಂಗಡಿ ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿದೆ. ಬಿಳಿಯರ ಕಾಲದ ಬಂಗಲೆಯೊಂದರ ಹಿಂದೆ ಕುದುರೆ ಕಟ್ಟುತ್ತಿದ್ದ ಕೋಣೆ ಅದು. ಎಂಟಡಿ ಅಗಲ, ಹತ್ತಡಿ ಉದ್ದ, ಎರಡಡಿ ದಪ್ಪದ ಗೋಡೆ. ಕುದುರೆಗಳು ಪುಣ್ಯ ಮಾಡಿದ್ದವು. ಊರೆಲ್ಲ ಬೆಂದರೂ ಅಲ್ಲಿ ಒಂದಿಷ್ಟು ತಂಪು. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಕಳೆದುಹೋದ ಫೋಟೊ, ವಿಡಿಯೊ, ಫೈಲ್ ತೆಗೆದುಕೊಡಲಾಗುವುದು' ಎಂದಿದೆ. ಅದರ ಕೆಳಗೆ ಅವಳೇ ಪೇಂಟಿನಲ್ಲಿ ಬರೆದಿದ್ದಾಳೆ: 'ಬರದಿದ್ದರೆ ಜಗಳ ಮಾಡಬಾರದು.'

ಆಫ್ರೀನ್ ಹುಟ್ಟಿದ್ದು ಕುರುಗೋಡಿನಲ್ಲಿ. ಅಪ್ಪ ಶಾಮೀದಸಾಬ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಕೆಟ್ಟದ್ದು ಕೈಗೆ ಬಂದ ಕೂಡಲೇ ಬಿಚ್ಚುವವನಲ್ಲ ಆತ. ಸ್ಕ್ರೂ ಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದ. "ಮದಲು ಕೇಳು, ಆಮ್ಯಾಲ ಮುಟ್ಟು" ಎಂಬುದೊಂದೇ ಅವನು ಮಗಳಿಗೆ ಬಿಟ್ಟುಹೋದ ಆಸ್ತಿ. ಜೊತೆಗೆ ಆ ಸ್ಕ್ರೂ ಡ್ರೈವರ್. ಅವಳು ಐಟಿಐ ಓದಿದಳು, ಜೀನ್ಸ್ ಕತ್ತರಿಸುವ ಇಲಿಯಾಸ್‌ನನ್ನು ಮದುವೆಯಾಗಿ ಬಳ್ಳಾರಿಗೆ ಬಂದಳು, ನಾಲ್ಕು ವರ್ಷ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲಿದಳು. "ಬಳ್ಳಾರಿ ಮಂದಿ ಯಾರ ಜೇಬಿನಾಗ ಏನೈತಿ ಅಂತ ಗೊತ್ತಿಲ್ಲ. ಜೇಬು ಮಾತ್ರ ನಂದು" ಎಂದು ಈಗಲೂ ಹೇಳುತ್ತಾಳೆ. ಹೊಲಿದ ದುಡ್ಡಿನಲ್ಲಿ ಹಳೇ ಕಂಪ್ಯೂಟರ್ ಬಂತು, ಕಂಪ್ಯೂಟರಿನಿಂದ ಈ ಕುದುರೆ ಕೋಣೆ ಬಂತು.

ಅಂಗಡಿಗೆ ಬಂದವರಿಗೆಲ್ಲ ಅವಳು ಮೊದಲು ಕೇಳುವುದು ಒಂದೇ ಮಾತು. "ಇನ್ನೊಂದು ಪ್ರತಿ ಎಲ್ಲೈತಿ?" ಡಾಕ್ಟರಾಗಲಿ, ವಕೀಲನಾಗಲಿ, ಮಗಳ ಮದುವೆ ವಿಡಿಯೊ ಕಳೆದುಕೊಂಡ ತಾಯಿಯಾಗಲಿ, ಆ ಮಾತಿಗೆ ಎಲ್ಲರೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ.

ಕಳೆದ ಏಪ್ರಿಲ್‌ನ ಒಂದು ಶುಕ್ರವಾರ ಮಧ್ಯಾಹ್ನ, ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿದ್ದಾಗ, ಇಬ್ಬರು ಒಂದು ಎಣ್ಣೆ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದರು. ಒಬ್ಬ ಗವಿಸಿದ್ದೇಶ್, ಸಿರುಗುಪ್ಪದಲ್ಲಿ ಮದುವೆ ಮುಂಜಿ ವಿಡಿಯೊ ತೆಗೆಯುವವನು. ಇನ್ನೊಬ್ಬಳು ಈರಮ್ಮ, ಗಿರಣಿ ಹೆಂಗಸರ ಮುಂದಾಳು, ಐವತ್ತೈದರ ಗಟ್ಟಿ ಹೆಂಗಸು. ಇಬ್ಬರೂ ತೆಕ್ಕಲಕೋಟೆ ಮೇಲೆ ಬಸ್ಸಿನಲ್ಲಿ ಬೆಂದು ಬಂದಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಕುಲ್ಸುಂಬೀ, ಆಫ್ರೀನ್‌ಳ ಅತ್ತೆ, ಡಬ್ಬಿಯಲ್ಲಿ ಇಣುಕಿದಳು. ಒಳಗೆ ಅಕ್ಕಿ.

"ಏನೋ ತಮ್ಮ, ಬಿರಿಯಾನಿ ಮಾಡಾಕ ತಂದೀಯೇನು?"

"ಇಲ್ಲಮ್ಮ, ಡಿಸ್ಕ್ ಅದರೊಳಗ ಐತಿ."

"ನಾ ಬ್ಯಾಡ ಅಂದೆ, ಕೇಳಲಿಲ್ಲ" ಎಂದಳು ಈರಮ್ಮ. "ಮೊಬೈಲ್ ನೀರಾಗ ಬಿದ್ರ ಅಕ್ಕಿಯಾಗ ಹುಗೀತಾರಂತ, ಇವನು ಇದನ್ನೂ ಹುಗದಾನ. ಬಾಣಂತಿಗೆ ಬೆಚ್ಚಗ ಹೊದಿಸಿದಂಗ."

ಸಿರುಗುಪ್ಪದವರಿಗೆ ಅಕ್ಕಿಯೇ ಅನ್ನ, ಅಕ್ಕಿಯೇ ಔಷಧ. ಆಫ್ರೀನ್ ಡಬ್ಬಿಗೆ ಕೈ ಹಾಕಿ, ಅಂಗೈ ಅಗಲದ ಕಪ್ಪು ಹಾರ್ಡ್ ಡಿಸ್ಕನ್ನು ಹೊರತೆಗೆದಳು. ವೈರು ಚುಚ್ಚುವ ತೂತಿನ ತುಂಬ ತೌಡಿನ ಪುಡಿ. ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ಉದುರಿಸುತ್ತ ಕೇಳಿದಳು.

"ಇನ್ನೊಂದು ಪ್ರತಿ ಎಲ್ಲೈತಿ?"

ಗವಿಸಿದ್ದೇಶ್ ಚಪ್ಪಲಿ ನೋಡಿಕೊಂಡ.

ಆಮೇಲೆ ಈರಮ್ಮ ಕತೆ ಹೇಳಿದಳು. ಗಿರಣಿಯ ಕಣದಲ್ಲಿ ಭತ್ತ ಒಣಹಾಕಿ, ತೌಡು ತುಂಬಿ, ನುಚ್ಚು ಸಾಣಿಸಿದ ಐವತ್ತೊಂದು ಹೆಂಗಸರಿಗೆ ದಸರೆ ಕಳೆದ ಮೇಲೆ ಬಟವಾಡೆ ನಿಂತಿತು. ಇವತ್ತು ಕೊಡ್ತೀನಿ, ಹೊಸ ಭತ್ತ ಬರಲಿ ಕೊಡ್ತೀನಿ ಎನ್ನುತ್ತ ಸಾಹುಕಾರ ಎಳ್ಳು ಅಮಾವಾಸ್ಯೆ, ಅಂದರೆ ಎಳ್ಳಮಾಸಿಯವರೆಗೆ ಹನ್ನೊಂದು ವಾರ ಎಳೆದ. ಹೆಂಗಸರು ಗೇಟಿನ ಮುಂದೆ ಕೂತರು. ಸಾಹುಕಾರ ಗೇಟು ಹಾಕಿಸಿದ. ಕಾರ್ಮಿಕ ಕಚೇರಿಗೆ ಅರ್ಜಿ ಹೋಯಿತು. ಅಲ್ಲಿ ಸಾಹುಕಾರ ಕೈ ಮುಗಿದು ಹೇಳಿದ್ದು ಇಷ್ಟು: ಈ ಹೆಂಗಸರು ಯಾರೋ ನನಗೆ ಗೊತ್ತಿಲ್ಲ ಸಾರ್, ನನ್ನ ಹಾಜರಿ ಪುಸ್ತಕದಲ್ಲಿ ಇವರ ಹೆಸರೇ ಇಲ್ಲ. ಅದು ನಿಜವೇ. ಪುಸ್ತಕ ಅವನದು, ಪೆನ್ನು ಅವನದು, ಬೀಗ ಅವನದು. ಬರೆಯದ ಹೆಸರು ಎಲ್ಲಿಂದ ಬರಬೇಕು?

ಆದರೆ ಸಾಹುಕಾರ ದೈವಭಕ್ತ. ಅಮಾವಾಸ್ಯೆಗೊಮ್ಮೆ ಗಿರಣಿಯ ಯಂತ್ರಗಳಿಗೆಲ್ಲ ಪೂಜೆ. ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮಂಡಕ್ಕಿ, ಕಾಯಿ ಹೋಳು ಹಂಚುತ್ತಿದ್ದ. ಹಂಚುವುದನ್ನು ದೇವರು ನೋಡಿದರೆ ಸಾಲದು, ನೆಂಟರೂ ನೋಡಬೇಕು. ಅದಕ್ಕೆ ಗವಿಸಿದ್ದೇಶ್‌ನ ಕ್ಯಾಮೆರಾ. ಬಟವಾಡೆ ಕೊಡದ ಆ ಹನ್ನೊಂದು ವಾರದಲ್ಲಿ ಮೂರು ಅಮಾವಾಸ್ಯೆ ಬಂದಿದ್ದವು. ಮೂರರ ವಿಡಿಯೊವೂ ಈ ಡಿಸ್ಕಿನಲ್ಲಿವೆ. ವಿಚಾರಣೆ ಬರುವ ಮಂಗಳವಾರ ಹನ್ನೊಂದು ಗಂಟೆಗೆ. ವಿಡಿಯೊ ಸಿಕ್ಕರೆ ಅದು ಸಾಕ್ಷಿ, ಸಿಗದಿದ್ದರೆ ಅರ್ಜಿ ವಜಾ.

"ಸಾಹುಕಾರ ಒಳ್ಳೇ ಗಿರಾಕಿ ಆಗಿದ್ದ, ಇನ್ನ ಕರೆಯಂಗಿಲ್ಲ" ಎಂದು ಗವಿಸಿದ್ದೇಶ್ ನಡುವೆ ಬಾಯಿ ಹಾಕಿದ.

"ಲೇ, ಒಂದು ಗಿರಾಕಿ ಹೋದ್ರ ಐವತ್ತೊಂದು ಮನಿ ಮದಿವಿ ನಿನಗ. ಸುಮ್ನ ಕುಂದ್ರು" ಎಂದಳು ಈರಮ್ಮ.

"ಸರಿ, ಇದು ಕೆಟ್ಟಿದ್ದು ಹೆಂಗ?" ಎಂದಳು ಆಫ್ರೀನ್.

ಅದೂ ಅಮಾವಾಸ್ಯೆಯದೇ ಮಹಿಮೆ. ಹಿಂದಿನ ತಿಂಗಳ ಅಮಾವಾಸ್ಯೆಯ ದಿನ ಗವಿಸಿದ್ದೇಶ್ ತನ್ನ ಸ್ಟುಡಿಯೊದಲ್ಲಿ ಕ್ಯಾಮೆರಾ, ಲೈಟು, ಡ್ರೋನು ಎಲ್ಲಕ್ಕೂ ವಿಭೂತಿ ಹಚ್ಚಿದ. ಡಿಸ್ಕಿಗೂ ಹಚ್ಚಬೇಕಲ್ಲ, ಅದೂ ಅನ್ನ ಕೊಡುವುದೇ. ಅದು ಆಗ ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಫೈಲ್ ಕಾಪಿ ಮಾಡುತ್ತಿತ್ತು. ವೈರಿನ ಸಮೇತ ಎತ್ತಿ ದೇವರ ಮುಂದೆ ಹಿಡಿದ. ವೈರು ಜಗ್ಗಿತು. ಡಿಸ್ಕ್ ಕೈಯಿಂದ ನೆಲಕ್ಕೆ ಬಿತ್ತು, ಅದರ ಹಿಂದೆಯೇ ಕಾಯಿ ನೀರಿನ ಲೋಟವೂ ಬಿತ್ತು.

"ಕಾಯಿ ನೀರು ಒಳಗ ಹೋಗಿ ಕೆಟ್ಟಿರಬೇಕಕ್ಕ."

"ಕಾಯಿ ನೀರಿನ ಮ್ಯಾಲ ಹಾಕಬ್ಯಾಡ. ಇದರೊಳಗ ಒಂದು ದುಂಡ ಬಿಲ್ಲಿ ತಿರುಗ್ತಿರತೈತಿ, ಅದರ ಮ್ಯಾಲ ಕೂದಲೆಳಿಗಿಂತ ಹತ್ತರ ಒಂದು ಮುಳ್ಳು ಓಡಾಡತೈತಿ. ನೀ ತಿರುಗೋದನ್ನ ಎತ್ತಿ ಒಗದಿ. ಪೂಜಿ ಮಾಡು, ಬ್ಯಾಡ ಅನ್ನಂಗಿಲ್ಲ. ನಿಲ್ಲಿಸಿ ಮಾಡು. ಆಮ್ಯಾಲ ಎಷ್ಟು ಸಲ ಹಚ್ಚಿ ನೋಡಿದಿ?"

"ಒಂದೆರಡು ಸಲ."

"ಒಂದೆರಡು ದಿನ" ಎಂದು ಈರಮ್ಮ ತಿದ್ದಿದಳು. "ಊಟ ಬಿಟ್ಟು ಅದನ್ನ ನೋಡಿಕೋಂತ ಕುಂತಿದ್ದ. ಹಸರು ಗೆರಿ ಇರುವಿ ನಡದಂಗ ನಡೀತಿತ್ತು, ಅಲ್ಲೇ ನಿಂತಬಿಡ್ತಿತ್ತು."

"ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡ್ಲೇನು ಅಂತ ಕಂಪ್ಯೂಟರ್ ಕೇಳಿರಬೇಕಲ್ಲ?"

"ಕೇಳ್ತು" ಎಂದ ಗವಿಸಿದ್ದೇಶ್ ಮೆಲ್ಲಗೆ. "ಹೂಂ ಅನ್ನಾಕ ಬೆರಳಿಟ್ಟಿದ್ದೆ. ಕರೆಂಟ್ ಹೋತು."

ಆಫ್ರೀನ್ ಬ್ರಷ್ ಕೆಳಗಿಟ್ಟು ಜೋರಾಗಿ ನಕ್ಕಳು. ಕರೆಂಟ್ ಇಲಾಖೆಯನ್ನು ಬೈಯದೆ ಒಂದು ದಿನವೂ ಕಳೆಯದ ಈರಮ್ಮ, ಅವತ್ತೊಂದು ದಿನ ಬೈಗುಳ ಮಾಫಿ ಮಾಡಿದಳು.

ಆಮೇಲೆ ಡಿಸ್ಕನ್ನು ಗಿಡ್ಡ ವೈರಿನಿಂದ, ವಿಂಡೋಸ್ ಬದಲು ಲಿನಕ್ಸ್ ಓಡುವ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಕೂತಳು. ತಿರುಗುವ ಸದ್ದು ನೆಟ್ಟಗಿತ್ತು. ನಡುನಡುವೆ ಮಾತ್ರ ಟಿಕ್, ಟಿಕ್, ಟಿಕ್.

"ಜೀವ ಐತಿ" ಎಂದಳು. "ಒಂದು ಜಾಗದಾಗ ಓದಾಕ ಬರವಲ್ದು."

"ಹಂಗಿದ್ರ ಇವನ ಕಂಪ್ಯೂಟರು ಪೂರ್ತಿ ಯಾಕ ನಿಂತಬಿಡ್ತಿತ್ತು?" ಈರಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಅರ್ಥವಾಗದ್ದನ್ನು ಅರ್ಥವಾಯಿತೆಂದು ತಲೆಯಾಡಿಸುವ ಅಭ್ಯಾಸ ಅವಳಿಗಿಲ್ಲ. ಅದಕ್ಕೇ ಅವಳು ಮುಂದಾಳು.

"ಕಂಪ್ಯೂಟರ್ ಡಿಸ್ಕಿಗೆ ಕೇಳತೈತಿ, ಇಂಥಾ ಜಾಗದ ಅಕ್ಷರ ಕೊಡು ಅಂತ. ಡಿಸ್ಕ್ ಮುಳ್ಳು ಇಟ್ಟು ನೋಡತೈತಿ, ಬರಂಗಿಲ್ಲ. ಇಲ್ಲ ಅನ್ನಾಕ ಅದಕ್ಕ ಮನಸಿಲ್ಲ. ತಾನ ಹತ್ತಿಪ್ಪತ್ತು ಸಲ ಮತ್ತ ಮತ್ತ ನೋಡತೈತಿ. ಅಷ್ಟೊತ್ತು ಕಂಪ್ಯೂಟರ್ ಕಾಯತೈತಿ. ಕಾದು ಕಾದು, ಉತ್ತರ ಬರಲಿಲ್ಲಂದ್ರ ಡಿಸ್ಕಿಗೆ ಒಂದು ಪೆಟ್ಟು ಕೊಟ್ಟು ಎಬ್ಬಿಸಿ, ಅದನ್ನ ಮತ್ತ ಕೇಳತೈತಿ. ವಿಂಡೋಸೂ ಹಂಗ, ನನ್ನ ಲಿನಕ್ಸೂ ಹಂಗ. ಕಡೀಗೆ ಆಗಲ್ಲಂತ ಗೊತ್ತಾದಾಗ ಇಡೀ ಫೈಲನ್ನ ಕೈ ಬಿಡತೈತಿ. ಒಂದು ಹರಳು ಸಿಕ್ಕಿತಂತ ಅಕ್ಕಿ ಚೀಲನ ಚೆಲ್ಲಿದಂಗ."

"ಹರಳಿನ ಮ್ಯಾಲ ಹಲ್ಲು ಇಟ್ಟು ಮತ್ತ ಮತ್ತ ಕಡದಂಗ" ಎಂದಳು ಕುಲ್ಸುಂಬೀ ಮೆಟ್ಟಿಲಿನಿಂದ.

"ಹೂಂ ಅಮ್ಮೀ. ಹಲ್ಲೂ ಹೋಗತೈತಿ. ಹೊಸ ಡಿಸ್ಕಿನಾಗ ಅದು ಒಳ್ಳೇ ಗುಣ; ಧೂಳೋ ದಣಿವೋ ಇದ್ರ ಎರಡನೇ ಸಲಕ್ಕ ಓದತೈತಿ. ಸಾಯೋ ಡಿಸ್ಕಿನಾಗ ಅದ ಗುಣ ಕೊಲ್ಲತೈತಿ. ಇವನು ಫೋಲ್ಡರ್ ತೆಗೆದು ನೋಡಿದಾಗೆಲ್ಲ, ಕಂಪ್ಯೂಟರ್ ಪ್ರತಿಯೊಂದು ವಿಡಿಯೊದ ಸಣ್ಣ ಚಿತ್ರ ತೋರಸಾಕಂತ ಎಲ್ಲಾ ಫೈಲಿಗೂ ಕೈ ಹಾಕೈತಿ. ನೋಡೇನಿ ಅಷ್ಟ, ಏನೂ ಮಾಡಿಲ್ಲ ಅಂತಾನ. ನೋಡಿದ್ದ ಮಾಡಿದ್ದು."

"ನೀ ಏನ್ ಮಾಡ್ತಿ ಹಂಗಾದ್ರ?"

"ಫೋಲ್ಡರ್ ತೆಗೆಯಂಗ ಇಲ್ಲ. ವಿಡಿಯೊ ಯಾವುದು, ಫೋಟೊ ಯಾವುದು ಅಂತ ಕೇಳಂಗಿಲ್ಲ. ಮದಲಿನ ಅಕ್ಷರದಿಂದ ಕಡೀ ಅಕ್ಷರದ ಮಟ ಇಡೀ ಡಿಸ್ಕನ್ನ ಹೊಸಾದಕ್ಕ ನಕಲು ಇಳಿಸೋ ಒಂದು ಪ್ರೋಗ್ರಾಮ್ ಐತಿ. ಓದಾಕ ಬರೋದನ್ನ ತಗೊಂತೈತಿ. ಬರದ ಜಾಗ ಬಂದ್ರ ನಿಲ್ಲಂಗಿಲ್ಲ, ಗುರುತು ಹಾಕ್ಕೊಂಡು ದೂರ ಜಿಗದು ಮುಂದಕ್ಕ ಹೋಗತೈತಿ. ಎಲ್ಲಾ ಮುಗಿದ ಮ್ಯಾಲ ಗುರುತು ಹಾಕಿದ ಜಾಗಕ್ಕ ವಾಪಸ್ ಬರತೈತಿ."

ಈರಮ್ಮ ತೊಡೆ ತಟ್ಟಿದಳು.

"ಹತ್ತಿ ಬಿಡಿಸಿದಂಗ ಅನ್ನು ಮತ್ತ. ಇದಕ್ಕ ಇಷ್ಟು ಓದಬೇಕೇನು? ನಾನೂ ಕುರುಗೋಡಿನಾಕಿನ. ಸಿರುಗುಪ್ಪಕ್ಕ ಬರಾಕಿಂತ ಮದಲು ಹನ್ನೆರಡು ವರ್ಷ ಹತ್ತಿ ಬಿಡಿಸೀನಿ. ಅರಳಿದ್ದು ಬಿಡಿಸಿಕೊಂಡು ಸಾಲು ಹಿಡದು ಮುಂದಕ್ಕ ಹೋಗಬೇಕು. ಮುಚ್ಚಿದ ಕಾಯಿ ಮುಂದ ಕುಂತು ಉಗುರಿಲೆ ಒಡದ್ರ ಕಾಯೂ ಹೋತು, ಉಗುರೂ ಹೋತು, ದಿನಾನೂ ಹೋತು. ಅದಕ್ಕ ಎರಡನೇ ಬಿಡಿಸು ಐತಿ, ಮೂರನೇ ಬಿಡಿಸು ಐತಿ."

ಈ ಕೆಲಸವನ್ನು ಆಫ್ರೀನ್ ವರ್ಷಗಟ್ಟಲೆ ಗಿರಾಕಿಗಳಿಗೆ ವಿವರಿಸಿದ್ದಳು. ವಾಪಸ್ ಇಷ್ಟು ಚೆನ್ನಾಗಿ ಯಾರೂ ಅವಳಿಗೆ ವಿವರಿಸಿರಲಿಲ್ಲ. ಅವತ್ತಿನಿಂದ ಅವಳ ಅಂಗಡಿಯಲ್ಲಿ ಅದರ ಹೆಸರು ಮೊದಲನೇ ಬಿಡಿಸು, ಎರಡನೇ ಬಿಡಿಸು.

ಡಬ್ಬಿಯ ಅಕ್ಕಿಯನ್ನು ಕುಲ್ಸುಂಬೀ ಆಗಲೇ ಮೊರಕ್ಕೆ ಸುರಿದುಕೊಂಡಿದ್ದಳು. "ಸೋನಾ ಮಸೂರಿ. ಫೀಸಿನಾಗ ಹಿಡೀರಿ" ಎಂದಳು. ಈರಮ್ಮ ಊರಿಗೆ ವಾಪಸ್ ಹೋಗಲಿಲ್ಲ. ಪಾರ್ವತಿನಗರದಲ್ಲಿ ಮನೆಗೆಲಸ ಮಾಡುವ ತಂಗಿ ಸುನಂದಾಳ ಮನೆಯಲ್ಲಿ ಉಳಿದು, ದಿನಾ ಬೆಳಿಗ್ಗೆ ಡ್ಯೂಟಿಗೆ ಬಂದಂತೆ ಕುದುರೆ ಕೋಣೆಗೆ ಬಂದಳು. ಗವಿಸಿದ್ದೇಶ್ ಮೊದಲ ಬಸ್ಸಿಗೆ ಬಂದು ಸಂಜೆ ಊರಿಗೆ ಹೋಗುತ್ತಿದ್ದ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೊದಲನೇ ಬಿಡಿಸು ಮುಗಿಯಿತು. ನೂರರಲ್ಲಿ ತೊಂಬತ್ತಾರು ಪಾಲು ಬಂದಿತ್ತು. ಆಫ್ರೀನ್ ಕೆಟ್ಟ ಡಿಸ್ಕನ್ನು ಮುಟ್ಟದೆ ಹೊಸ ನಕಲನ್ನು ತೆರೆದಳು. ಎಳ್ಳಮಾಸಿಯ ವಿಡಿಯೊ ಪೂರ್ತಿ ಓಡಿತು. ಅದರ ಹಿಂದಿನ ಅಮಾವಾಸ್ಯೆಯದೂ ಓಡಿತು. ಗವಿಸಿದ್ದೇಶ್ ಕುಣಿಯುವುದೊಂದು ಬಾಕಿ.

ಈರಮ್ಮ ಕುಣಿಯಲಿಲ್ಲ. ಪರದೆಯ ಹತ್ತಿರ ಮುಖ ತಂದು ನೋಡಿದಳು. ತೌಡಿನ ಧೂಳಿಗೆ ಎಲ್ಲ ಹೆಂಗಸರೂ ಮೂಗು ಬಾಯಿ ಮುಚ್ಚಿ ಸೀರೆ ಸೆರಗು ಸುತ್ತಿಕೊಂಡಿದ್ದಾರೆ. ಸಾಲಾಗಿ ನಿಂತ ಕಣ್ಣುಗಳಷ್ಟೇ.

"ಇದನ್ನ ಒಯ್ದರ ಸಾಹುಕಾರ ಏನಂತಾನ ಗೊತ್ತೇನು? ಇವರು ದಾರಿಯಾಗ ಹೋಗೋರು, ಪ್ರಸಾದಕ್ಕ ಬಂದಿದ್ರು ಅಂತಾನ. ದೀಪಾವಳಿ ಅಮಾಸಿದು ಬೇಕು. ಅವತ್ತು ಮುಖ ತೊಳಕೊಂಡು, ಹೊಸ ಸೀರಿ ಉಟ್ಟು ನಿಂತಿದ್ವಿ. ಒಬ್ಬೊಬ್ಬರನ್ನೂ ಹೆಸರು ಹಿಡದು ಕರದು ಕಾಯಿ ಹೋಳು ಕೊಟ್ಟಾನ."

ದೀಪಾವಳಿಯ ವಿಡಿಯೊ ಇಪ್ಪತ್ತೆರಡು ನಿಮಿಷದ್ದು. ನಾಲ್ಕು ನಿಮಿಷ ಓಡಿ, ಸಾಹುಕಾರ ಮೊದಲ ಹೋಳು ಎತ್ತಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಹಸಿರು ಬಣ್ಣದ ತುಂಡುಗಳಾಗಿ ಒಡೆದುಹೋಯಿತು. ಬಾರದ ನಾಲ್ಕು ಪಾಲಿನಲ್ಲಿ ಅದೇ ಕೂತಿತ್ತು.

ಆಫ್ರೀನ್ ಎರಡನೇ ಬಿಡಿಸಿಗೆ ಹಚ್ಚಿದಳು. ಗೋಡೆ ಎರಡಡಿ ದಪ್ಪವಿದ್ದರೇನು, ಏಪ್ರಿಲ್‌ನ ಬಳ್ಳಾರಿ ಮಧ್ಯಾಹ್ನ ಮೂರು ಗಂಟೆಗೆ ಕುದುರೆ ಕೋಣೆಯೂ ಒಲೆಯೇ. ಡಿಸ್ಕಿನ ಬಿಸಿ ಐವತ್ತೆಂಟು ಡಿಗ್ರಿ ಮುಟ್ಟಿತು. ಟಿಕ್ ಟಿಕ್ ಜೋರಾಯಿತು. ಎರಡು ಸಲ ಡಿಸ್ಕ್ ಕಂಪ್ಯೂಟರಿನಿಂದ ಮಾಯವೇ ಆಯಿತು. ವೈರು ಕಿತ್ತು ಮತ್ತೆ ಹಾಕಿ, ಬಿಟ್ಟಲ್ಲಿಂದ ಶುರು ಮಾಡಿದಳು. ಒಂದು ತಾಸಿಗೆ ಬಂದದ್ದು ಕಣ್ಣಿಗೆ ಹಚ್ಚುವಷ್ಟು.

"ನಿಲ್ಲಸು" ಎಂದಳು ಈರಮ್ಮ.

"ಮಂಗಳವಾರ ಹನ್ನೊಂದಕ್ಕ ವಿಚಾರಣಿ ಐತಿ ಯಕ್ಕ. ಇದನ್ನ ಮಲಗಿಸಿ ನಾ ಏನ್ ಮಾಡ್ಲಿ?"

"ಹತ್ತಿನ ಯಾರಾದ್ರೂ ಮಧ್ಯಾಹ್ನ ಬಿಡಸತಾರೇನ? ಬಿಸಲು ಏರಿದ ಮ್ಯಾಲ ಬಿಡಿಸಿದ್ರ ಒಣಾ ಎಲಿ ಪುಡಿಯಾಗಿ ಹತ್ತಿಗೆ ಅಂಟತೈತಿ. ಆಳೂ ಸಾಯತೈತಿ, ಮಾಲೂ ಕೆಡತೈತಿ. ಆಳಿಗೆ ನೆಳ್ಳು ಕೊಡು ಅಂತ ಇಷ್ಟು ವರ್ಷ ಒದರೀನಿ. ಇದು ಯಾವ ದೊಡ್ಡ ಸಾಹುಕಾರನ ಮಗ? ಇದೂ ಆಳ. ಬೆಳಗಾಮುಂಜಾನಿ ಎಬ್ಬಸು."

ಗಿರಾಕಿಯ ಮಾತು ಕೇಳಿ ಕೆಲಸ ಮಾಡುವವಳಲ್ಲ ಆಫ್ರೀನ್. ಆದರೆ ಐವತ್ತೆಂಟು ಡಿಗ್ರಿ ಎಂದು ಪರದೆಯೇ ಹೇಳುತ್ತಿತ್ತು. ಡಿಸ್ಕನ್ನು ನಿಲ್ಲಿಸಿ, ಬಟ್ಟೆಯ ಮೇಲೆ ಇಟ್ಟು, ಕಿಟಕಿ ಮುಚ್ಚಿದಳು. "ಒದ್ದಿ ಬಟ್ಟಿ ಹೊದಸ್ಲೇನಕ್ಕ?" ಎಂದು ಕೇಳಿದ ಗವಿಸಿದ್ದೇಶ್‌ನನ್ನು ಇಬ್ಬರೂ ಒಟ್ಟಿಗೆ ಬೈದರು.

ಭಾನುವಾರ ಬೆಳಗಿನ ಐದಕ್ಕೆ ಅಂಗಡಿ ತೆರೆಯಿತು. ಕುಲ್ಸುಂಬೀ ಚಹಾ ಮಾಡಿ ತಂದಳು. ಡಿಸ್ಕಿನ ಬಿಸಿ ಮೂವತ್ತರ ಆಚೀಚೆ. ಆಫ್ರೀನ್ ಈ ಸಲ ಪ್ರೋಗ್ರಾಮಿಗೆ ಹಿಮ್ಮುಖವಾಗಿ ಓದಲು ಹೇಳಿದಳು. ಕೆಟ್ಟ ಜಾಗದ ಆ ತುದಿಯಿಂದ ಈ ತುದಿಗೆ. ಮುಂದಿನಿಂದ ಬಂದಾಗ ಎಡವಿದ ಕಲ್ಲು, ಹಿಂದಿನಿಂದ ಬಂದರೆ ಕೊನೆಗೆ ಸಿಗುತ್ತದೆ. ಅಷ್ಟರಲ್ಲಿ ನಡುವಿನದೆಲ್ಲ ಕೈಗೆ ಬಂದಿರುತ್ತದೆ. ಟಿಕ್ ಎನ್ನುವುದು ಕಡಿಮೆಯಾಯಿತು. ಅಂಕಿ ಏರತೊಡಗಿತು. ಒಂಬತ್ತು ಗಂಟೆಗೆ ಬಿಸಿಲು ಬಾಗಿಲಿಗೆ ಬಂದಾಗ ಅವಳೇ ನಿಲ್ಲಿಸಿದಳು. ಯಾರೂ ಹೇಳಬೇಕಾಗಲಿಲ್ಲ.

ಸೋಮವಾರ ಬೆಳಿಗ್ಗೆ ಮೂರನೇ ಬಿಡಿಸು. ಎಂಟು ಗಂಟೆಗೆ ದೀಪಾವಳಿಯ ವಿಡಿಯೊದಲ್ಲಿ ಉಳಿದ ತೂತು ಒಂದೇ, ಮೂವತ್ತೆಂಟು ಸೆಕೆಂಡಿನದು. ಅಷ್ಟರಲ್ಲಿ ಸ್ಕ್ರೂ ಡ್ರೈವರಿನ ಹಿಡಿಯಲ್ಲಿ ಬೇರೆ ಸದ್ದು ಕೇಳಿತು. ಟಿಕ್ ಅಲ್ಲ, ಕರ್ ಎಂದು ಕೆರೆಯುವ ಸದ್ದು. ಆಫ್ರೀನ್ ವೈರು ಕಿತ್ತಳು.

"ಇನ್ನೊಂದ ಸಲ ಅಕ್ಕ, ಮೂವತ್ತೆಂಟು ಸೆಕೆಂಡ ಅಷ್ಟ" ಎಂದ ಗವಿಸಿದ್ದೇಶ್.

"ಇನ್ನೊಂದ ಸಲ, ಇನ್ನೊಂದ ಸಲ ಅಂದ ಇಲ್ಲಿಗೆ ಬಂದೈತಿ. ನಿನ್ನ ಕಂಪ್ಯೂಟರ್ ಗುಣ ನಿನಗೂ ಬಂತೇನು? ಸಾಕು."

ಅವಳು ಮೂರು ಪ್ರತಿ ಮಾಡಿದಳು. ಒಂದು ಈರಮ್ಮನ ಸೊಂಟದ ಚೀಲಕ್ಕೆ, ಒಂದು ಗವಿಸಿದ್ದೇಶ್‌ನ ಜೇಬಿಗೆ, ಒಂದು ತನ್ನ ಡ್ರಾಯರಿಗೆ. "ನಾಳಿ ಇಬ್ಬರೂ ಬ್ಯಾರೆ ಬ್ಯಾರೆ ಆಟೋದಾಗ ಹೋಗ್ರಿ" ಎಂದಳು. ತಮಾಷೆಗಲ್ಲ. ಹೋದರು ಕೂಡ.

ಮಂಗಳವಾರ ಕಾರ್ಮಿಕ ಕಚೇರಿಯ ವರಾಂಡದಲ್ಲಿ ಐವತ್ತೊಂದು ಹೆಂಗಸರು ದೀಪಾವಳಿಯ ಅದೇ ಸೀರೆ ಉಟ್ಟು ಕೂತಿದ್ದರು. ಅದು ಈರಮ್ಮನ ಅಪ್ಪಣೆ. ಆಫ್ರೀನ್ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಬಂದಿದ್ದಳು. ಅಧಿಕಾರಿಯ ಮೇಜಿನ ಮೇಲೆ ವಿಡಿಯೊ ಓಡಿತು. ಪರದೆಯಲ್ಲಿ ಸಾಹುಕಾರ ಪಟ್ಟೆ ಪಂಚೆ ಉಟ್ಟು ಹೋಳು ಎತ್ತಿದ.

"ಈರಮ್ಮ, ಬಾರಬೇ. ಹತ್ತು ವರ್ಷಾತು ನಮ್ಮ ಗಿರಣಿಗೆ ಬಂದು, ಇನ್ನೂ ಹಂಗ ಅದೀಯಲ್ಲ. ಚನ್ನವೀರಮ್ಮ, ಬಾ. ಜಲ್ದಿ ಬರ್ರಿ, ಎಣ್ಣಿ ದೀಪ ಆರತೈತಿ."

ಮುಂದೆ ಕುರ್ಚಿಯಲ್ಲಿ ಕೂತಿದ್ದ ಅದೇ ಸಾಹುಕಾರ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಹೆಸರಿನ ಮೇಲೆ ಹೆಸರು. ಇಪ್ಪತ್ತೊಂಬತ್ತನೆಯ ಹೆಸರಿಗೆ ಪರದೆ ಹಸಿರಾಯಿತು, ಮಾತೂ ನಿಂತಿತು. ಮೂವತ್ತೆಂಟು ಸೆಕೆಂಡು ಹಾಗೆಯೇ ಹೋಯಿತು. ಚಿತ್ರ ಮರಳಿ ಬಂದಾಗ ಆರು ಹೆಂಗಸರು ಹೋಳು ತಗೊಂಡು ಆಗಲೇ ಸಾಲಿನ ಹಿಂದೆ ಸೇರಿಬಿಟ್ಟಿದ್ದರು.

ಉಳಿದ ಹೆಸರುಗಳೂ ಮುಗಿಯುತ್ತ ಬಂದಾಗ ಸಾಹುಕಾರನ ವಕೀಲ ಎದ್ದು ನಿಂತ. ಆರು ಜನರ ಹೆಸರು ಇದರಲ್ಲಿಲ್ಲ, ಅವರ ಅರ್ಜಿಯನ್ನು ಕೈಬಿಡಬೇಕು ಎಂದ.

ಬಾಗಿಲ ಹತ್ತಿರ ನಿಂತಿದ್ದ ಜಂಬಮ್ಮ, ಆ ಆರರಲ್ಲಿ ಒಬ್ಬಳು, ಆಫ್ರೀನ್‌ಳ ಕಡೆ ತಿರುಗಿದಳು. "ಅಲ್ಲಬೇ, ಊರಾಗ ಇಷ್ಟು ಮಂದಿ ಇದ್ರು, ನಿನ್ನ ಯಂತ್ರಕ್ಕ ನಾನ ಸಿಕ್ಕೆನಾ ನುಂಗಾಕ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಫ್ರೀನ್ ನಗಲಿಲ್ಲ. ಆ ಮೂವತ್ತೆಂಟು ಸೆಕೆಂಡನ್ನು ಬಿಟ್ಟವಳು ತಾನು. ವೈರು ಕಿತ್ತದ್ದು ತನ್ನ ಕೈ. ಅಧಿಕಾರಿಯನ್ನು ಒಂದೇ ಕೇಳಿದಳು: "ಸಾರ್, ಕಡೀ ಮಟ ನೋಡ್ರಿ. ಇನ್ನೂ ಎರಡು ನಿಮಿಷ ಐತಿ."

ಕೊನೆಯ ಹೋಳು ಹಂಚಿಯಾಯಿತು. ಪರದೆಯ ಸಾಹುಕಾರ ಬುಟ್ಟಿಯೊಳಗೆ ಇಣುಕಿದ. ಆತ ಕಾಯಿಯನ್ನೂ ಲೆಕ್ಕವಿಟ್ಟು ಒಡೆಸುವ ಮನುಷ್ಯ. ಗುಮಾಸ್ತನಿಗೆ ಕೂಗಿ ಹೇಳಿದ.

"ಇಪ್ಪತ್ತಾರು ಕಾಯಿ, ಐವತ್ತೆರಡು ಹೋಳು. ಐವತ್ತೊಂದು ಮಂದಿ ನಮ್ಮ ಹೆಣ್ಣಾಳು, ಒಂದು ಉಳೀತು. ಸರಿ ಐತಿ. ಉಳಿದದ್ದು ನಮ್ಮ ಮನಿಗೆ ಕಳಸು."

ಅಧಿಕಾರಿ ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದ. ಆಮೇಲೆ ವರಾಂಡಕ್ಕೆ ಹೋಗಿ ತಾನೇ ತಲೆ ಎಣಿಸಿದ. ಐವತ್ತೊಂದು. ವಕೀಲ ಕೂತ. ಜಂಬಮ್ಮ ಮಾತ್ರ ಸಾಹುಕಾರನ ಕಡೆ ಬಗ್ಗಿ, "ಆ ಹೋಳು ಚಟ್ನಿ ಮಾಡಿದ್ರೇನ್ರಿ?" ಎಂದು ಕೇಳಿ ಬಂದಳು.

ಹನ್ನೊಂದು ವಾರದ ಬಟವಾಡೆ ಕೊಡಬೇಕೆಂದು ಆದೇಶವಾಯಿತು. ಏಳು ವಾರದ್ದು ಬಂದಿದೆ. ಅದರಲ್ಲಿ ಮೊದಲು ಮನೆ ಬಾಡಿಗೆ, ಅಂಗಡಿ ಉದ್ದರಿ, ಮಕ್ಕಳ ಫೀಸು ತೀರಿದವು. ಆಫ್ರೀನ್‌ಳೇ ಹಾಗೆಂದಿದ್ದಳು: "ಪೂರಾ ಬಂದ ಮ್ಯಾಲ ನನಗ ಕೊಡ್ರಿ. ಅಲ್ಲೀ ಮಟ ಮುಟ್ಟಬ್ಯಾಡ್ರಿ." ಉಳಿದ ನಾಲ್ಕು ವಾರದ್ದಕ್ಕೆ ಈರಮ್ಮ ಸೋಮವಾರಕ್ಕೊಮ್ಮೆ ಹೊಸ ಕಾರಿನ ಮುಂದೆ ಹೋಗಿ ನಿಲ್ಲುತ್ತಾಳೆ. ಸಾಹುಕಾರ ಅಮಾವಾಸ್ಯೆ ಪೂಜೆಯ ವಿಡಿಯೊ ನಿಲ್ಲಿಸಿದ್ದಾನೆ, ಪೂಜೆ ನಡೆದಿದೆ.

ಗವಿಸಿದ್ದೇಶ್ ಈಗ ಎರಡು ಡಿಸ್ಕ್ ಇಟ್ಟುಕೊಂಡಿದ್ದಾನೆ, ಪೂಜೆಗೆ ಮುಂಚೆ ಎರಡನ್ನೂ ನಿಲ್ಲಿಸುತ್ತಾನೆ. ಕೆಟ್ಟದ್ದು ಆಫ್ರೀನ್‌ಳ ಅಂಗಡಿಯಲ್ಲಿದೆ. ಬಾಗಿಲು ಗಾಳಿಗೆ ಬಡಿಯದಂತೆ ಅದನ್ನು ಅಡ್ಡ ಇಟ್ಟಿದ್ದಾಳೆ. ಕುಲ್ಸುಂಬೀ ದಿನಾ ಅದಕ್ಕೆ ಕಾಲು ಎಡವಿ ಬೈಯುತ್ತಾಳೆ.

ಓದಿದಿರಲ್ಲ, ಈಗ ಎದ್ದೇಳಿ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಗದ್ದೆಯಲ್ಲಿ ದುಡಿಯುವವರು ಯಾರೋ ಇದ್ದಾರೆ. ಅವರ ಹೆಸರು, ಬಂದ ದಿನ, ಕೊಡಬೇಕಾದ ಕೂಲಿ ಒಂದು ಹಾಳೆಯಲ್ಲಿ ಬರೆಯಿರಿ, ಸಹಿ ಹಾಕಿ. ಎರಡು ಪ್ರತಿ ಮಾಡಿ, ಒಂದನ್ನು ಅವರ ಕೈಗೆ ಕೊಡಿ. ನಾಳೆ ಅಲ್ಲ, ಇವತ್ತು. ಕೊಟ್ಟಿದ್ದೀರಾ?